ಬೀಗರ ಊಟದ ದಿನದ ಫೈನ್

ಆ ಭಾನುವಾರದ ಪುಟದಲ್ಲಿ ನನ್ನ ಡೈರಿ ಹೇಳುವುದು ಇಷ್ಟೇ: ‘ನಾದಿನಿಯ ಜೊತೆ ಕೊರವಂಗಲದ ಗುಡಿ. ಅರಕಲಗೂಡು ಕಡೆಯ ಚಾಲಕನ ಫೋನ್. ದಂಡ ಕಟ್ಟಿ, ರಸೀದಿ ಇಟ್ಟುಕೊಳ್ಳಿ ಅಂದೆ.’

ನೆನಪು ಇದಕ್ಕಿಂತ ಹೆಚ್ಚು ಹೇಳುತ್ತದೆ. ಗುಡಿಯ ಜಗಲಿಯ ಮೇಲೆ ಕೂತಿದ್ದೆ, ಗಾಳಿ ಜೋರಾಗಿತ್ತು, ಒಂದು ಕಿವಿ ಮುಚ್ಚಿಕೊಂಡು ‘ಯಾವುದಕ್ಕೆ ಕೇಸು ಹಾಕಿದ್ದಾರೆ?’ ಎಂದು ಸರಿಯಾಗಿಯೇ ಕೇಳಿದ್ದೆ ಎನ್ನುತ್ತದೆ. ನಾನು ಅದನ್ನು ನಂಬುವುದಿಲ್ಲ. ಏನಾದರೂ ತಪ್ಪಾದ ಮೇಲೆ ನನ್ನ ನೆನಪು ನನ್ನ ಪರವಾಗಿ ವಕಾಲತ್ತು ಹಾಕುತ್ತದೆ ಎಂಬುದು ನನಗೆ ಗೊತ್ತಿದೆ. ಫೋನಿನ ದಾಖಲೆಯ ಪ್ರಕಾರ ಆ ಕರೆ ನಲವತ್ತೆರಡು ಸೆಕೆಂಡಿನದು. ಆತ ನಮಸ್ಕಾರ ಹೇಳಿ, ಚನ್ನರಾಯಪಟ್ಟಣದ ಹತ್ತಿರ ಪೊಲೀಸರು ನಿಲ್ಲಿಸಿದ್ದಾರೆ ಎಂದು ವಿವರಿಸಿ, ನಾನು ಉತ್ತರ ಕೊಟ್ಟು ಮುಗಿಸಿದ ಮೇಲೆ ಆ ನಲವತ್ತೆರಡರಲ್ಲಿ ಪ್ರಶ್ನೆ ಕೇಳಲು ಎಷ್ಟು ಜಾಗ ಉಳಿದಿತ್ತೋ!

ನಾನು ಹಾಸನದ ಕೋರ್ಟುಗಳಲ್ಲಿ ಕೆಲಸ ಮಾಡುವ ವಕೀಲೆ. ಹಿಂದೊಮ್ಮೆ ಈತನ ಜಮೀನಿನ ದಾರಿಯ ತಕರಾರನ್ನು ನಡೆಸಿಕೊಟ್ಟಿದ್ದೆ. ಅಂದಿನಿಂದ ಆ ಮನೆಗೆ ಯಾವ ಸರ್ಕಾರಿ ಕಾಗದ ಬಂದರೂ ನನಗೇ ಫೋನು. ಶಾಲೆ ನಡೆಯುವಾಗ ಆತ ಹೊಳೆನರಸೀಪುರದ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುತ್ತಿದ್ದ. ರಜೆಯಲ್ಲಿ ತನ್ನದೇ ಗೂಡ್ಸ್ ಗಾಡಿಯಲ್ಲಿ ಊರಿನವರ ತರಕಾರಿ, ಆಲೂಗಡ್ಡೆ ಸಾಗಿಸುತ್ತಿದ್ದ.

ಮೂರು ವಾರ ಕಳೆದು, ಬೇಸಿಗೆ ರಜೆ ಮುಗಿಯುತ್ತಾ ಬಂದಾಗ, ಒಂದು ಲಕೋಟೆ ಹಿಡಿದು ನನ್ನ ಕಚೇರಿಗೆ ಬಂದ.

“ಮೇಡಂ, ಇದ್ಯಾಕೋ ಎಲ್ಡ್ನೇ ಸರ್ತಿ ಬಂದೈತೆ. ಫೈನ್ ಆವತ್ತೇ ಕಟ್ಬುಟ್ಟಿವ್ನಿ. ರಸೀದಿ ಇಲ್ಲೇ ಐತೆ ನೋಡಿ. ನೀವೇ ಏಳಿದ್ರಲ್ಲ, ಮಡಿಕ್ಕಳಿ ಅಂತ.”

ರಸೀದಿಯನ್ನು ಮಗಳ ಮದುವೆಯ ಕರೆಯೋಲೆಯ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ. ಲಕೋಟೆಯಲ್ಲಿದ್ದದ್ದು ಆರ್‌ಟಿಓ ಕಚೇರಿಯ ನೋಟಿಸ್. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಿಸಿದ್ದಕ್ಕೆ ನಿಮ್ಮ ಚಾಲನಾ ಪರವಾನಗಿಯನ್ನು ಮೂರು ತಿಂಗಳು ಏಕೆ ಅಮಾನತಿನಲ್ಲಿ ಇಡಬಾರದು, ಏಳು ದಿನದೊಳಗೆ ಉತ್ತರ ಕೊಡಿ ಎಂದಿತ್ತು. ಅದು ಕೈಸೇರಿ ಎರಡು ದಿನವಾಗಿತ್ತು.

“ಫೈನ್ ಕಟ್ಟಿದ್ ಮೇಲೂ ಇದೇನ್ ಮೇಡಂ? ಒಂದೇ ತಪ್ಪಿಗೆ ಎಲ್ಡು ಏಟಾ?”

ನಮ್ಮ ಕಡೆ ಎಲ್ಲಕ್ಕೂ ಫೈನ್ ಎಂಬ ಒಂದೇ ಹೆಸರು. ಹೆಲ್ಮೆಟ್ ಇಲ್ಲದಿದ್ದರೂ ಫೈನ್, ಕುಡಿದು ಓಡಿಸಿದರೂ ಫೈನ್. ಕಟ್ಟಿದರೆ ಮುಗಿಯಿತು. ಲಕೋಟೆಯ ಹಿಂಬದಿಯಲ್ಲಿ ಗೆರೆ ಎಳೆದು ಆತನಿಗೆ ಬಿಡಿಸಿ ಹೇಳಿದೆ. ಕ್ಯಾಮೆರಾದ ಫೋಟೊ ನೋಡಿ ಮನೆಗೆ ಕಳಿಸುವ ನೋಟಿಸ್ ಗಾಡಿಯ ನಂಬರ್ ಹಿಡಿದು ಬರುತ್ತದೆ, ಓಡಿಸಿದವರು ಯಾರಾದರೂ ಅದು ಬಂದು ಬೀಳುವುದು ಮಾಲೀಕರ ಬಾಗಿಲಿಗೆ. ರಸ್ತೆಯಲ್ಲೇ ನಿಲ್ಲಿಸಿ ಮೆಷಿನ್ನಿನಿಂದ ಹರಿದುಕೊಡುವುದು ಓಡಿಸುತ್ತಿದ್ದವರ ಲೈಸೆನ್ಸ್ ನೋಡಿ ಹಾಕುವುದು. ಕೆಲವಕ್ಕೆ ಅಲ್ಲೇ ಕಟ್ಟಬಹುದು, ಕೆಲವಕ್ಕೆ ಕೋರ್ಟಿಗೇ ಹೋಗಬೇಕು. ಇವುಗಳಲ್ಲಿ ಒಂದಷ್ಟಕ್ಕೆ ಬಾಲ ಇರುತ್ತದೆ. ಕುಡಿದು ಓಡಿಸಿದ್ದು, ಫೋನಿನಲ್ಲಿ ಮಾತಾಡುತ್ತಾ ಓಡಿಸಿದ್ದು, ಸಿಗ್ನಲ್ ಹಾರಿದ್ದು, ಸರಕಿನ ಗಾಡಿಗೆ ಜನ ತುಂಬಿದ್ದು. ಇವುಗಳಿಗೆ ದಂಡ ಕಟ್ಟಿದರೆ ಆ ತಪ್ಪನ್ನು ಒಪ್ಪಿಕೊಂಡ ಹಾಗೆ. ಆ ಒಪ್ಪಿಗೆಯನ್ನೇ ಹಿಡಿದು ಆರ್‌ಟಿಓ ಲೈಸೆನ್ಸಿನ ಮೇಲೆ ಕ್ರಮಕ್ಕೆ ಬರುತ್ತದೆ.

ಹೇಳುತ್ತಾ ಹೋದಂತೆ ನನ್ನ ದನಿ ಇಳಿದದ್ದು ನನಗೇ ಕೇಳಿಸಿತು. ಇಷ್ಟೆಲ್ಲ ಗೊತ್ತಿದ್ದವಳು ಆವತ್ತು ‘ಕಟ್ಟಿ’ ಎಂದಿದ್ದೆ.

ಆತ ಗೆರೆಗಳನ್ನು ನೋಡುತ್ತಾ ಕೂತ. ಆಮೇಲೆ ಕೇಳಿದ. “ಅಂಗಾರೆ ಇಸ್ಕೂಲ್ ಬಸ್ಸು?”

ಶಾಲೆ ತೆರೆಯಲು ಹನ್ನೆರಡು ದಿನ ಇತ್ತು. ಪ್ರತಿ ವರ್ಷ ಆ ಶಾಲೆಯವರು ಚಾಲಕರ ಲೈಸೆನ್ಸ್ ಪರಿಶೀಲಿಸಿಯೇ ಬಸ್ಸಿನ ಕೀಲಿ ಕೊಡುತ್ತಿದ್ದರು. ಅಮಾನತಾದರೆ ಆ ಸೀಟಿಗೆ ಇನ್ನೊಬ್ಬರು ಬರುತ್ತಾರೆ, ಬಂದವರು ಮೂರು ತಿಂಗಳಿಗೆ ಎದ್ದು ಹೋಗುವುದಿಲ್ಲ.

“ಹನ್ನೊಂದು ವರ್ಸ ಮೇಡಂ. ಒಂದು ಮಗೀಗೆ ಒಂದು ಗಾಯ ಆಗಿಲ್ಲ,” ಅಂದ.

ಉತ್ತರ ಬರೆಯುವ ಮೊದಲು ಪೊಲೀಸರ ವರದಿ ನೋಡಬೇಕೆಂದು ಇಲಾಖೆಯ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿದೆ. ಕೇಸಿನ ಜೊತೆ ಒಂದು ಫೋಟೊ ಇತ್ತು. ಗಾಡಿಯನ್ನು ಮುಂದಿನಿಂದ, ಸ್ವಲ್ಪ ಓರೆಯಾಗಿ ತೆಗೆದದ್ದು. ಹಿಂದೆ ಹೊಸ ಸೀರೆ, ಹೊಸ ಅಂಗಿಗಳ ಗುಂಪು. ಫೋಟೊದ ಅಂಚಿನಲ್ಲಿ, ರಸ್ತೆಯ ಮೇಲೆ, ನನ್ನ ಕಕ್ಷಿದಾರ ಕೈಯೆತ್ತಿಕೊಂಡು ಪೊಲೀಸರ ಕಡೆಗೆ ನಡೆದು ಬರುತ್ತಿದ್ದಾನೆ. ಗಾಜಿನ ಮೇಲೆ ಬಿಸಿಲಿನ ಝಳವಿತ್ತು. ಅದರ ಹಿಂದೆ, ಸ್ಟೇರಿಂಗಿನ ಮುಂದೆ, ಬಿಳಿಯ ಏನೋ ಒಂದು ಕಾಣುತ್ತಿತ್ತು. ಚಿತ್ರವನ್ನು ದೊಡ್ಡದು ಮಾಡಿದೆ.

“ಇದ್ಯಾರು, ಡ್ರೈವರ್ ಸೀಟಲ್ಲಿ?”

“ಅದಾ? ಬಟ್ಟೆ ಮೇಡಂ. ಸೀಟ್ ಮ್ಯಾಲೆ ಬಟ್ಟೆ ಗಂಟು ಮಡಗಿದ್ವಿ.”

“ಬಟ್ಟೆ ಗಂಟಿಗೆ ಮೀಸೆ ಇರುತ್ತಾ?”

ಆತ ಹಣೆ ಒರೆಸಿಕೊಂಡ. ಆಮೇಲೆ ನಿಧಾನವಾಗಿ ಹೊರಗೆ ಬಂದದ್ದು ಹೀಗೆ. ಅಂದು ಇವರ ಊರಿನಲ್ಲಿ ಬೀಗರ ಊಟ. ಮಗಳನ್ನು ಕೊಟ್ಟದ್ದು ಹಿರೀಸಾವೆಯ ಕಡೆಗೆ. ಊಟ ಮುಗಿದು ಹೊರಡುವ ಹೊತ್ತಿಗೆ ಗಂಡಿನ ಕಡೆಯವರು ಬಂದಿದ್ದ ಟೆಂಪೊ ಕೆಟ್ಟು ನಿಂತಿತು. ಬಂದವರನ್ನು ಬಸ್‌ಸ್ಟಾಪಿನಲ್ಲಿ ನಿಲ್ಲಿಸಲು ಆಗುತ್ತದೆಯೇ? ಈತ ತನ್ನ ಗೂಡ್ಸ್ ಗಾಡಿಗೆ ಜಮಖಾನ ಹಾಸಿದ. ಹೊಳೆನರಸೀಪುರ ದಾಟುವವರೆಗೆ ತಾನೇ ಓಡಿಸಿದ. ಆಮೇಲೆ ಬೀಗರು, ಅಂದರೆ ಅಳಿಯನ ತಂದೆ, ಪಟ್ಟು ಹಿಡಿದರು. ‘ಎರಡು ದಿನದಿಂದ ನಿದ್ದೆಗೆಟ್ಟಿದ್ದೀರಿ, ಕಣ್ಣು ಎಳೀತಾ ಇದೆ, ಇತ್ತ ಬನ್ನಿ’ ಎಂದು ತಾವೇ ಸ್ಟೇರಿಂಗ್ ಹಿಡಿದರು. ಚನ್ನರಾಯಪಟ್ಟಣದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದಾಗ, ‘ಬೀಗ್ರೆ, ನಂದು ಲೈಸೆನ್ಸು ಮುಗ್ದೋಗಿ ಯಾವ್ ಕಾಲಾಯ್ತೋ’ ಎಂದರಂತೆ.

“ಅಷ್ಟ್ ಜನದ್ ಮುಂದೆ, ಅದೂ ಬೀಗರ ಊಟದ್ ದಿನ, ನಮ್ ಬೀಗ್ರು ಪೊಲೀಸ್ನೋರ್ ಮುಂದೆ ತಲೆ ತಗ್ಗುಸ್ಕಂಡ್ ನಿಲ್ಲೋದಾ? ನಾನೇ ಇಳ್ದು ಓದೆ. ಯಾರಯ್ಯಾ ಡ್ರೈವರ್ ಅಂದ್ರು. ನಾನೇ ಸಾ ಅಂದೆ. ಅಷ್ಟೇ.”

ಕಾನೂನಿನ ಲೆಕ್ಕದಲ್ಲಿ ಇದು ನನಗೆ ಒಳ್ಳೆಯ ಸುದ್ದಿ. ನೋಟಿಸ್ ಬಂದಿರುವುದು ಓಡಿಸಿದವನಿಗೆ, ಈತ ಓಡಿಸುತ್ತಿರಲಿಲ್ಲ, ಪೊಲೀಸರದೇ ಫೋಟೊ ಸಾಕ್ಷಿ. ಇನ್ನೊಂದು ಬದಿಯೂ ಇತ್ತು. ನಿಜ ಹೇಳಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಬೀಗರ ಮೇಲೆ ಒಂದು ಕೇಸು, ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕನೆಂದು ಈತನ ಮೇಲೆ ಇನ್ನೊಂದು. ಪೊಲೀಸರಿಗೆ ಸುಳ್ಳು ಹೇಳಿದ್ದು ಬೇರೆ. ಎರಡನ್ನೂ ಮುಂದಿಟ್ಟೆ.

“ಆಗದು ಮೇಡಂ. ನನ್ ಮಗ್ಳು ಆ ಮನೇಗ್ ಓಗಿ ಇನ್ನೂ ತಿಂಗಳಾಗಿಲ್ಲ. ‘ನಿಮ್ಮಪ್ಪ ನಮ್ಮಪ್ಪನ್ನ ಕೋರ್ಟ್ ಹತ್ಸಿದ’ ಅಂತ ಅಳಿಯ ಒಂದ್ ಮಾತಂದ್ರೆ? ನೀವು ಬೇರೆ ಏನಾರ ಬರೀರಿ. ನಾನೇ ಓಡಿಸ್ತಿದ್ದೆ, ತಪ್ಪಾಯ್ತು, ಬುಟ್ಬುಡಿ ಅಂತ ಬರೀರಿ.”

“ಓಡಿಸಿಲ್ಲ ಅಂತ ಗೊತ್ತಿದ್ದೂ ಓಡಿಸಿದ್ರು ಅಂತ ನಾನು ಬರೆಯಕ್ಕಾಗಲ್ಲ.”

“ಅಂಗಾರೆ ಬಟ್ಟೆ ಗಂಟೇ ಓಡಿಸ್ತು ಅಂತ ಬರ್ಕಳಿ,” ಎಂದು ಕವರನ್ನು ಎತ್ತಿಕೊಂಡು ಎದ್ದು ಹೋದ. ಲಕೋಟೆ ನನ್ನ ಮೇಜಿನ ಮೇಲೇ ಉಳಿಯಿತು.

ಮರುದಿನ ಕೋರ್ಟಿನ ಕೆಲಸಕ್ಕೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಶಾಲೆಯ ಮುಂದೆಯೇ ಹಾದು ಹೋದೆ. ಒಳಗೆ ಹೋಗಿ ಆತನ ಕೆಲಸದ ಬಗ್ಗೆ ಒಂದು ಮಾತು ಕೇಳಬಹುದಿತ್ತು. ಕಕ್ಷಿದಾರನ ಒಪ್ಪಿಗೆಯಿಲ್ಲದೆ ಕೇಳುವುದು ಸರಿಯಲ್ಲವೆಂದು ಹೋಗಲಿಲ್ಲ, ಹೀಗೆಂದು ಡೈರಿಯಲ್ಲಿ ಬರೆದಿದ್ದೇನೆ. ಹೋಗದಿದ್ದಕ್ಕೆ ಅದೊಂದೇ ಕಾರಣವಾಗಿತ್ತೇ ಎಂದು ಈಗ ಅನುಮಾನ. ಒಳಗೆ ಯಾರಾದರೂ ‘ನೀವು ಆವತ್ತು ಏನು ಸಲಹೆ ಕೊಟ್ಟಿದ್ರಿ?’ ಎಂದು ಕೇಳಿಬಿಟ್ಟರೆ ಎಂಬ ಭಯವೂ ಇದ್ದಿರಬೇಕು. ಗೇಟಿನೊಳಗೆ ಹಳದಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ತೊಳೆಯುತ್ತಿದ್ದರು.

ಸಂಜೆ ನನ್ನ ಹಿರಿಯ ವಕೀಲರ ಬಳಿ ಕೂತೆ. ನಾನು ಬರೆದಿಟ್ಟಿದ್ದ ಕರಡನ್ನು ಓದಿದರು. ನೋಟಿಸಿನಲ್ಲಿ ಗಾಡಿಯ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಅದನ್ನೇ ಹಿಡಿದು, ಯಾರು ಓಡಿಸಿದರು ಎಂಬುದನ್ನು ಎತ್ತದೆ ಒಂದೂವರೆ ಪುಟ ಎಳೆದಿದ್ದೆ.

“ಜಾಣತನವೇನೋ ಇದೆಯಮ್ಮ. ಅವರು ಅಂಕಿ ತಿದ್ದಿ ಇನ್ನೊಂದು ನೋಟಿಸ್ ಕೊಡ್ತಾರೆ. ಆವಾಗ ಶಾಲೆ ಶುರುವಾಗಿರುತ್ತೆ. ನಿನ್ನ ಕಕ್ಷಿದಾರ ಬಸ್ಸಲ್ಲಿ ಮಕ್ಕಳನ್ನ ಕೂರಿಸಿಕೊಂಡಿರೋವಾಗ ಲೈಸೆನ್ಸ್ ಹೋಗುತ್ತೆ. ಅದು ಒಳ್ಳೇದಾ?”

ಆಗ ಡೈರಿಯ ಆ ಎರಡು ಸಾಲನ್ನು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇದನ್ನ ಅವನ ಮುಂದೆ ಒಪ್ಪಿಕೊಳ್ಳೋಕೆ ಹೋಗಬೇಡ. ವಕೀಲರು ತಪ್ಪು ಮಾಡಿದ್ದೀನಿ ಅಂದರೆ ಕಕ್ಷಿದಾರ ಆಮೇಲೆ ಯಾವ ಮಾತನ್ನೂ ನಂಬಲ್ಲ. ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತಿದ್ದೀನಿ.”

ಅವರ ಮಾತನ್ನು ನಾನು ಸಾಮಾನ್ಯವಾಗಿ ಮೀರುವುದಿಲ್ಲ. ಆದರೂ ಬೆಳಿಗ್ಗೆ ಎದ್ದು, ಡೈರಿಯನ್ನು ಚೀಲಕ್ಕೆ ಹಾಕಿಕೊಂಡು, ಅರಕಲಗೂಡಿನ ಬಸ್ಸು ಹತ್ತಿದೆ. ಉತ್ತರ ಕೊಡಲು ಮೂರು ದಿನ ಉಳಿದಿತ್ತು.

ಚಾಲಕ ಮನೆಯ ಮುಂದೆ ಗಾಡಿಯ ಚಕ್ರ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಒಳಗಿನಿಂದ ಬಂದ ಆತನ ಹೆಂಡತಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ನಾನು ಕೇಳುವ ಮೊದಲೇ ಶುರು ಮಾಡಿದಳು.

“ನೀವಾರ ಏಳಿ ಮೇಡಮ್ಮ. ಆವತ್ತು ಬಂದು ‘ಬೀಗರ ಮರ್ವಾದೆ ಉಳಿಸ್ಬುಟ್ಟೆ ಕಣೇ’ ಅಂತ ಎದೆ ಉಬ್ಬುಸ್ಕಂಡು ಕುಂತಿದ್ರು. ಈಗ ನೋಡಿದ್ರೆ ಮೂರ್ ದಿನದಿಂದ ಸರ್ಯಾಗಿ ಉಣ್ತಿಲ್ಲ. ನಮ್ ಮನೆ ಮರ್ವಾದೆ ಯಾರು ಉಳಿಸ್ತಾರೆ, ಕೇಳಿ.”

“ಸುಮ್ಕಿರೇ,” ಅಂದ ಆತ.

ನಾನು ಡೈರಿ ತೆಗೆದು ಆ ಪುಟವನ್ನು ಓದಿದೆ. ನನ್ನ ದನಿ ಸಹಜವಾಗಿತ್ತು ಎಂದು ಬರೆಯಲು ಇಷ್ಟವಾಗುತ್ತದೆ, ಆದರೆ ಹಾಗಿರಲಿಲ್ಲ.

“ಆವತ್ತು ನಾನು ನಿಮ್ಮನ್ನ ಎರಡು ಮಾತು ಕೇಳಬೇಕಿತ್ತು. ಯಾವ ಕೇಸು, ಓಡಿಸ್ತಿದ್ದವರು ಯಾರು. ಕೇಳಲಿಲ್ಲ. ನಿಮ್ಮ ಫೋನು ಬೇಗ ಮುಗಿಸಬೇಕು ಅಂತಿತ್ತು. ಕಟ್ಟಿ ಅಂದೆ. ನೀವು ನನ್ನ ಮಾತು ನಂಬಿ ಕಟ್ಟಿದಿರಿ. ಇದರಲ್ಲಿ ನನ್ನ ತಪ್ಪಿದೆ. ಆರ್‌ಟಿಓ ಮುಂದೆ ಕೇಳಿದರೆ ಅಲ್ಲೂ ಇದನ್ನೇ ಹೇಳ್ತೀನಿ.”

ಹೆಂಡತಿ ಆತನ ಮುಖ ನೋಡಿದಳು. ಆತ ಕೈಗೆ ಹತ್ತಿದ್ದ ಗ್ರೀಸನ್ನು ಒಂದೊಂದೇ ಬೆರಳಿನಿಂದ ಒರೆಸತೊಡಗಿದ.

“ನೀವ್ ಕೇಳಿದ್ರೂ ನಾನ್ ಏಳ್ತಿರ್ಲಿಲ್ಲ ಬುಡಿ ಮೇಡಂ,” ಎಂದ. “ಪಕ್ದಲ್ಲೇ ನಿಂತಿದ್ರು ಬೀಗ್ರು.”

ಆಮೇಲೆ ಹೆಂಡತಿಯ ಕಡೆ ತಿರುಗಿ, “ಫೋನ್ ತಕಂಬಾ,” ಅಂದ.

ಕೈಯಲ್ಲಿ ಇನ್ನೂ ಗ್ರೀಸ್ ಇದ್ದದ್ದರಿಂದ ಹೆಂಡತಿಯೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಚಾಪೆಯ ಮೇಲೆ ಇಟ್ಟಳು. ಆತ ಹೇಳಿದ್ದು ತಡವರಿಸಿಕೊಂಡು, ಮೂರು ಸಲ ಕ್ಷಮೆ ಕೇಳಿಕೊಂಡು. ಆ ಕಡೆಯಿಂದ ಬೀಗರ ದನಿ ಚಾಪೆಯನ್ನೇ ನಡುಗಿಸುವಂತೆ ಬಂತು.

“ಅಲ್ಲ ಕಣ್ ಬೀಗ್ರೆ, ನಿಮ್ಗೇನ್ ತಲೆ ಕೆಟ್ಟಿತ್ತಾ? ಆವತ್ತೇ ಮುಗೀತು ಅಂದ್ರಿ, ಸುಮ್ನಾದೆ. ಈಗ ನಿಮ್ ಕೆಲಸಕ್ಕೇ ಸಂಚಕಾರ ಬಂದದೆ, ಅದ್ನೂ ಮುಚ್ಚಿಟ್ಕಂಡ್ ಕುಂತಿದ್ದೀರಾ? ನನ್ ಮರ್ವಾದೆ ನೋಡ್ಕಳಕ್ಕೆ ನಾನಿಲ್ವಾ?”

“ಅಂಗಲ್ಲ ಬೀಗ್ರೆ, ಊಟದ್ ದಿನ…”

“ಊಟ ಅರ್ಗಿ ಒಂದ್ ತಿಂಗಳಾಯ್ತು! ಯಾವತ್ತು ಬರ್ಬೇಕು, ಎಲ್ಲಿಗ್ ಬರ್ಬೇಕು, ಅಷ್ಟ್ ಏಳಿ.”

ಅಂದು ಮಧ್ಯಾಹ್ನ ಅದೇ ಚಾಪೆಯ ಮೇಲೆ ಕೂತು ಹೊಸ ಉತ್ತರ ಬರೆದೆ. ಒಂದು ಪುಟವೂ ತುಂಬಲಿಲ್ಲ. ಗಾಡಿ ತನ್ನದು, ಜನರನ್ನು ಕೂರಿಸಿದ್ದು ನಿಜ, ನಿಲ್ಲಿಸಿದಾಗ ಓಡಿಸುತ್ತಿದ್ದವರು ಬೇರೆ, ಅವರು ಖುದ್ದಾಗಿ ಹಾಜರಾಗುತ್ತಾರೆ, ಪೊಲೀಸರಿಗೆ ಅಂದು ಹೇಳಿದ್ದು ತಪ್ಪು. ಫೋಟೊ ಲಗತ್ತಿಸಿದೆ. ನಂಬರಿನ ತಪ್ಪು ಅಂಕಿಯ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ವಿಚಾರಣೆಯ ದಿನ ಹಾಸನದ ಕಚೇರಿಯ ಹೊರಗೆ ಬೆಂಚಿನ ಮೇಲೆ ನಾವು ಕಾಯುತ್ತಿದ್ದೆವು. ಬೀಗರು ಹಿರೀಸಾವೆಯಿಂದ ಬಸ್ಸಿನಲ್ಲಿ ಬಂದಿಳಿದರು. ಎತ್ತರದ ಆಳು, ದಪ್ಪ ಮೀಸೆ, ಇಸ್ತ್ರಿ ಮಾಡಿದ ಬಿಳಿ ರುಮಾಲು. ಚಾಲಕ ನನ್ನ ಕಡೆ ಬಾಗಿ ಪಿಸುಗುಟ್ಟಿದ.

“ಮೇಡಂ, ಬಟ್ಟೆ ಗಂಟು ಬಂತು.”

ಒಳಗೆ ಅಧಿಕಾರಿ ಫೋಟೊವನ್ನೊಮ್ಮೆ, ರುಮಾಲನ್ನೊಮ್ಮೆ ನೋಡಿದರು. ಇಬ್ಬರ ಹೇಳಿಕೆಯನ್ನೂ ಬರೆಸಿಕೊಂಡರು. ಬೀಗರು ‘ನಮ್ ಬೀಗ್ರು ನನ್ ಮರ್ವಾದೆಗೋಸ್ಕರ ಅಂಗ್ ಏಳ್ಬುಟ್ರು ಸಾ, ಅವ್ರದೇನೂ ತಪ್ಪಿಲ್ಲ’ ಎಂದರು. ಚಾಲಕ ‘ಬೀಗ್ರು ನನ್ ಕಣ್ಣು ಎಳೀತಿತ್ತು ಅಂತ ಸ್ಟೇರಿಂಗ್ ಇಡ್ಕಂಡ್ರು ಸಾ’ ಎಂದ. ಅಧಿಕಾರಿ ಪೆನ್ನು ಕೆಳಗಿಟ್ಟರು.

“ಹಿಂದೆ ಹನ್ನೊಂದು ಜನ ಇದ್ದರು. ಮುಂದೆ ಇದ್ದವರಲ್ಲಿ ಒಬ್ಬರಿಗೆ ಲೈಸೆನ್ಸ್ ಇಲ್ಲ, ಇನ್ನೊಬ್ಬರಿಗೆ ನಿದ್ದೆ ಇಲ್ಲ. ಗಾಡಿ ಮಗುಚಿದ್ದರೆ ಆ ಹನ್ನೊಂದು ಜನಕ್ಕೆ ವಿಮೆಯೂ ಸಿಕ್ತಿರಲಿಲ್ಲ. ನೀವಿಬ್ಬರೂ ಬಂದು ನನ್ನ ಮುಂದೆ ಮರ್ಯಾದೆ ವಿಷಯ ಮಾತಾಡ್ತಿದ್ದೀರಿ.”

ನಾನೂ ಆ ಹನ್ನೊಂದು ಜನರನ್ನು ಅಲ್ಲಿಯವರೆಗೆ ಫೋಟೊದ ಹಿನ್ನೆಲೆ ಎಂದಷ್ಟೇ ನೋಡಿದ್ದೆ. ಇದನ್ನು ಮಾತ್ರ ಅಂದೇ ಬರೆದಿಟ್ಟಿದ್ದೇನೆ, ಹಾಗಾಗಿ ನಂಬಬಹುದು.

ನಾಲ್ಕು ದಿನದ ಮೇಲೆ ಆದೇಶ ಬಂತು. ಓಡಿಸುತ್ತಿದ್ದವರು ಬೇರೆ ಎಂದು ಕಂಡುಬಂದಿರುವುದರಿಂದ ಅಮಾನತಿನ ಕ್ರಮ ಕೈಬಿಡಲಾಗಿದೆ, ಕಡತವನ್ನು ಪೊಲೀಸ್ ಠಾಣೆಗೆ ವಾಪಸು ಕಳಿಸಲಾಗಿದೆ. ನಾನು ಹೇಳಿದ್ದಂತೆಯೇ ಅಲ್ಲಿಂದ ಎರಡು ಹೊಸ ಕೇಸು ಹೊರಟವು. ಇವು ರಸ್ತೆಯಲ್ಲಿ ಕಟ್ಟಿ ಮುಗಿಸುವಂಥವಲ್ಲ. ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಬೀಗರಿಬ್ಬರೂ ಕಟಕಟೆಯ ಪಕ್ಕ ಹೆಗಲಿಗೆ ಹೆಗಲು ಕೊಟ್ಟು ನಿಂತು ತಪ್ಪು ಒಪ್ಪಿಕೊಂಡರು. ಸುಳ್ಳು ಹೇಳಿದ ವಿಷಯಕ್ಕೆ ನ್ಯಾಯಾಧೀಶರು ಕಟುವಾಗಿಯೇ ಎಚ್ಚರಿಕೆ ಕೊಟ್ಟು, ದಂಡ ಹಾಕಿ ಕಳಿಸಿದರು.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಚಾಲಕನ ಒಪ್ಪಿಗೆ ಪಡೆದು ಶಾಲೆಗೆ ಆದೇಶದ ಪ್ರತಿ ತೋರಿಸಲು ಹೋದಾಗ ಬಸ್ಸುಗಳ ಉಸ್ತುವಾರಿ ನೋಡುವವರು ಅದನ್ನು ಎರಡು ಸಲ ಓದಿ, “ಲೈಸೆನ್ಸ್ ಉಳೀತು, ಸಂತೋಷ. ಆದರೆ ಪೊಲೀಸರ ಹತ್ತಿರ ಸುಳ್ಳು ಹೇಳಿದರು ಅನ್ನೋದೂ ಇದರಲ್ಲೇ ಇದೆಯಲ್ಲ ಮೇಡಂ. ಕೋರ್ಟ್ ಮುಗಿಯೋವರೆಗೂ ಬಸ್ಸು ಕೊಡಕ್ಕಾಗಲ್ಲ,” ಎಂದರು. ಶಾಲೆ ತೆರೆದ ದಿನ ಆ ಬಸ್ಸನ್ನು ಬೇರೆ ಯಾರೋ ಓಡಿಸಿದರು. ಏಳು ವಾರ ಕಳೆದು, ಕೋರ್ಟಿನ ಕಾಗದ ಕೊಟ್ಟ ಮೇಲೆ, ಅದೂ ಬೇರೆ ದಾರಿಯ ಬಸ್ಸಿಗೆ, ಆತನನ್ನು ಮತ್ತೆ ಕರೆದರು. ಹನ್ನೊಂದು ವರ್ಷ ಹತ್ತಿಸಿ ಇಳಿಸಿದ ಮಕ್ಕಳು ಈಗ ಇನ್ನೊಂದು ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಾರಂತೆ.

ಬೀಗರು ಹೊಸದಾಗಿ ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ. ರಸ್ತೆ ಚಿಹ್ನೆಗಳನ್ನು ಸೊಸೆಯೇ ಫೋನಿನಲ್ಲಿ ತೋರಿಸಿ ಪಾಠ ಮಾಡುತ್ತಾಳಂತೆ. ‘ತಪ್ಪು ಏಳಿದ್ರೆ ಬಯ್ತಾಳೆ ಕಣವ್ವ, ನಮ್ ಮೇಷ್ಟ್ರೂ ಅಷ್ಟು ಬೈದಿರ್ಲಿಲ್ಲ’ ಎಂದು ಕೋರ್ಟಿನ ಹೊರಗೆ ನನ್ನ ಬಳಿ ದೂರಿದರು. ಚಾಲಕ ಪಕ್ಕದಲ್ಲೇ ನಿಂತಿದ್ದ. ಮಗಳು ಆ ಮನೆಯಲ್ಲಿ ಬೈಯುವಷ್ಟು ಸಲೀಸಾಗಿದ್ದಾಳೆ ಎಂಬುದು ಆತನಿಗೆ ಅಲ್ಲೇ ಗೊತ್ತಾದದ್ದು ಎನ್ನಿಸುತ್ತದೆ. ರುಮಾಲಿನ ತುದಿ ಸರಿಮಾಡುವ ನೆಪದಲ್ಲಿ ಬೀಗರ ಹೆಗಲು ಮುಟ್ಟಿದ. ಇದನ್ನು ನಾನು ಕಂಡೆನೋ, ಕಾಣಬೇಕೆಂದು ಬಯಸಿದೆನೋ, ಆಣೆ ಮಾಡಿ ಹೇಳಲಾರೆ.

ಹೋದ ವಾರ ಇನ್ನೊಂದು ಫೋನ್ ಬಂತು. ಅರಸೀಕೆರೆ ರಸ್ತೆಯಿಂದ, ಪರಿಚಯದ ಒಬ್ಬ ಅಂಗಡಿಯವನು.

“ಮೇಡಂ, ಗಾಡಿ ಇಡ್ದವ್ರೆ. ಇಲ್ಲೇ ಕಟ್ಬುಟ್ರೆ ಮುಗೀತದಂತೆ. ಕಟ್ಬುಡ್ಲಾ?”

ಕೈಯಲ್ಲಿದ್ದ ಕಡತವನ್ನು ಕೆಳಗಿಟ್ಟೆ.

“ಓಡಿಸ್ತಿದ್ದವರು ಯಾರು?”

ಆ ಕಡೆಯಿಂದ ಲಾರಿಯೊಂದು ಹಾದು ಹೋದ ಸದ್ದು, ಯಾರೋ ಯಾರನ್ನೋ ಮೆಲ್ಲನೆ ಕರೆದ ಸದ್ದು. ನಲವತ್ತೆರಡು ಸೆಕೆಂಡು ಯಾವಾಗಲೋ ದಾಟಿತು. ಫೋನನ್ನು ಕಿವಿಗೆ ಹಿಡಿದುಕೊಂಡೇ ಕಾದೆ.